ಹೌದಾ, ಅಲ್ಲವಾ ಎಂದು ಕೇಳುತ್ತಿದ್ದ ಅಕ್ಕ

ಕಳೆದ ವಾರ ನಮ್ಮ ಹಳೆಯ ಪತ್ರಿಕೆಯ ಸಭಾಂಗಣದಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಮಾತನಾಡಿದ ಮೂವರಲ್ಲಿ ಇಬ್ಬರು ತೀರಿಕೊಂಡವರನ್ನು ಕಂಡೇ ಇರಲಿಲ್ಲ. ಮೂರನೆಯವರು ಸಂಸ್ಥೆಯ ಈಗಿನ ಆಡಳಿತಗಾರರು. ‘ಅಕ್ಕ ತಮ್ಮ ಸೇವಾವಧಿಯಲ್ಲಿ ಒಂದೇ ಒಂದು ತಪ್ಪು ಮಾಡಿದವರಲ್ಲ’ ಎಂದು ಅವರು ಹೇಳಿದಾಗ ಎಲ್ಲರೂ ತಲೆ ಆಡಿಸಿದರು. ಇದೇ ಸಂಸ್ಥೆ ಅಕ್ಕನನ್ನು ಕೆಲಸದಿಂದ ತೆಗೆದ ಆದೇಶದಲ್ಲಿ ‘ಗಂಭೀರ ತಪ್ಪು’ ಎಂದು ಬರೆದಿತ್ತು. ಆ ಆದೇಶವೂ ಸುಳ್ಳು, ಈ ಹೊಗಳಿಕೆಯೂ ಸುಳ್ಳು. ಅಕ್ಕ ತಪ್ಪು ಮಾಡುತ್ತಿದ್ದರು. ಮಾಡಿದ್ದನ್ನು ತಾವೇ ಊರಿಗೆಲ್ಲ ಸಾರುತ್ತಿದ್ದರು. ಯಾವ ತಪ್ಪಿಗೆಂದು ಅವರನ್ನು ಮನೆಗೆ ಕಳುಹಿಸಿದರೋ ಅದನ್ನು ಮಾತ್ರ ಅವರು ಮಾಡಿರಲಿಲ್ಲ.

ಇದನ್ನು ಹೇಳುವವರು ಆ ಸಭೆಯ ವೇದಿಕೆಯಲ್ಲಿ ಇರಲಿಲ್ಲ. ನನ್ನನ್ನು ಮಾತಾಡಲು ಕರೆಯಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಒಂದು ಹಂಚಿನ ಕಾರ್ಖಾನೆಯ ಗೋಡೆ ಕುಸಿದು ಮೂವರು ಹೆಂಗಸರು ಸತ್ತಿದ್ದರು. ಆ ಗೋಡೆ ಯಾರದು ಎಂಬುದು ನಮ್ಮ ಪತ್ರಿಕೆಯ ವಾರ್ಷಿಕ ಪುಸ್ತಕದಲ್ಲಿ ಉಳಿಯಬೇಕೇ, ಅಳಿಯಬೇಕೇ ಎಂಬ ಪ್ರಶ್ನೆಯಲ್ಲಿ ಅಕ್ಕ ಕೆಲಸ ಕಳೆದುಕೊಂಡರು. ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಇಷ್ಟನ್ನೇ ಬರೆಯುತ್ತೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ‘ನನ್ನ ಹೆಸರನ್ನು ಎಲ್ಲಿಯಾದ್ರೂ ಹಾಕಿದ್ರೆ ನೋಡಿ, ಹುಡುಕಿ ಹುಡುಕಿ ತೆಗೀತೇನೆ’ ಎಂದು ಅವರೇ ಒಮ್ಮೆ ಹೆದರಿಸಿದ್ದರು. ಸಂಪಾದಕರಿಂದ ಹಿಡಿದು ಕ್ಯಾಂಟೀನಿನ ಭಟ್ಟರವರೆಗೆ ಎಲ್ಲರಿಗೂ ಅವರು ‘ಅಕ್ಕ’.

ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಪತ್ರಿಕೆಗೆ ಕಂಪ್ಯೂಟರ್ ಬಂತು. ಅದರ ಜೊತೆಗೇ ಬಂದವರು ಅಕ್ಕ. ಮನೆ ನಮ್ಮ ಕರಾವಳಿಯ ಊರಿನದೇ ಶಕ್ತಿನಗರದಲ್ಲಿ. ಭೂಮಿ ಇದ್ದ ಮನೆತನ. ಎಪ್ಪತ್ತರ ದಶಕದಲ್ಲಿ ಗದ್ದೆಗಳು ಒಕ್ಕಲುಗಳ ಪಾಲಾದ ಮೇಲೆ ಅಣ್ಣಂದಿರು ಹೋಟೆಲಿಗೆ ಇಳಿದಿದ್ದರು. ಗಣಿತದಲ್ಲಿ ಪದವಿ ಪಡೆದ ತಂಗಿಯನ್ನು ಮುಂಬಯಿಯ ಹೋಟೆಲಿನ ಗಲ್ಲಾದಲ್ಲಿ ಕೂರಿಸಬೇಕೆಂದು ಅವರು ಕರೆಸಿಕೊಂಡರೆ, ಈಕೆ ಅಲ್ಲೊಂದು ಕಂಪ್ಯೂಟರ್ ಕೇಂದ್ರಕ್ಕೆ ಸೇರಿ ಯಂತ್ರ ಕಲಿತು ಊರಿಗೆ ಮರಳಿದರು. ಮಾಲಕರನ್ನು ನಾವೆಲ್ಲ ‘ಧಣಿಗಳು’ ಎನ್ನುತ್ತಿದ್ದೆವು. ಅಕ್ಕ ಮಾತ್ರ ‘ಸರ್’ ಎನ್ನುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, ‘ಧಣಿಗಳು ನಮ್ಮ ಮನೆಯಲ್ಲೇ ಬೇಕಾದಷ್ಟು ಉಂಟು ಮಾರಾಯ್ರೇ. ಸಂಬಳ ಕೊಟ್ಟೂ ಇನ್ನೊಬ್ಬರನ್ನು ಸಹಿಸುದಾ?’ ಎಂದರು. ‘ಸಂಬಳ ಕೊಡುವುದು ಅವರಲ್ಲವಾ ಅಕ್ಕ?’ ಎಂದೆ. ‘ಅದೇ ಹೇಳಿದ್ದು. ಹಣ ಅವರದ್ದು, ಸಹನೆ ನನ್ನದು.’

ಸೌಮ್ಯ ಸ್ವಭಾವದವರೆಂದು ಸಭೆಯಲ್ಲಿ ಯಾರೋ ಹೇಳಿದರು. ಅದೂ ಸುಳ್ಳು. ಮೂಗಿನ ತುದಿಯಲ್ಲಿ ಸಿಟ್ಟು. ಯಂತ್ರದ ಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದ ಜಾಹೀರಾತು ಮ್ಯಾನೇಜರರನ್ನು ಅರ್ಧ ವಾಕ್ಯದಲ್ಲಿ ಹೊರಗೆ ನಿಲ್ಲಿಸಿದ್ದರು. ತೆರೆಯ ಮೇಲಿನ ಪದ ತೋರಿಸಬೇಕಾದರೆ ತುರುಬಿನಿಂದ ಒಂದು ಪಿನ್ನು ಕಿತ್ತು ಅದರ ತುದಿಯಿಂದ ತೋರಿಸುವರು. ಸಂಜೆಯಾಗುವಾಗ ತುರುಬು ಬಿಚ್ಚಿ ಹೆಗಲ ಮೇಲೆ, ಪಿನ್ನುಗಳೆಲ್ಲ ಮೇಜಿನ ಮೇಲೆ. ಇನ್ನೊಬ್ಬರನ್ನು ಹೊಗಳಿದ್ದು ನಾನು ಕೇಳಿಲ್ಲ. ತಮ್ಮನ್ನು ತಾವು ಹೊಗಳಿಕೊಂಡದ್ದು ದಿನಕ್ಕೊಮ್ಮೆಯಾದರೂ ಕೇಳಿದ್ದೇನೆ.

ಆ ಯಂತ್ರದಲ್ಲಿ ಬರಹವನ್ನು ತಿದ್ದುವ ಒಂದು ಪ್ರೋಗ್ರಾಂ ಇತ್ತು. ಅದರ ಹೆಸರೂ ಎಡಿಟರ್ ಎಂದೇ ಆದ್ದರಿಂದ ನಮ್ಮ ಸಂಪಾದಕರಿಗೆ ಅದರ ಮೇಲೆ ಮೊದಲಿನಿಂದಲೂ ಸ್ವಲ್ಪ ಮುನಿಸು. ಕನ್ನಡವನ್ನು ಇಂಗ್ಲಿಷ್ ಕೀಲಿಗಳಲ್ಲಿ ಸಂಕೇತಗಳಾಗಿ ಬಡಿಯಬೇಕಿತ್ತು. ಅಚ್ಚಿಗೆ ಹೊರಬರುವಾಗ ಅದು ಕನ್ನಡವಾಗುತ್ತಿತ್ತು. ಉಳಿದವರಿಗೆ ಅದು ಬರೀ ಟೈಪ್ ಮಾಡುವ ಪೆಟ್ಟಿಗೆ. ಅಕ್ಕ ಅದಕ್ಕೆ ತಾವೇ ಆಜ್ಞೆಗಳನ್ನು ಬರೆದು ಹೊಸ ಹೊಸ ಕೆಲಸ ಕಲಿಸುತ್ತಿದ್ದರು. ಹುಡುಕುವುದು ಅವುಗಳಲ್ಲಿ ಮುಖ್ಯ. ಪದವನ್ನೇ ಕೊಡಬೇಕೆಂದಿಲ್ಲ, ಪದದ ಆಕಾರ ಕೊಟ್ಟರೆ ಸಾಕು: ಇಂಥದರಿಂದ ಶುರುವಾಗಿ, ನಡುವೆ ಏನೇ ಇದ್ದು, ಇಂಥದರಲ್ಲಿ ಮುಗಿಯುವುದೆಲ್ಲ ಬರಲಿ ಎಂದರೆ ಬರುತ್ತಿತ್ತು. ನನಗೆ ಅರ್ಥವಾಗದೆ ಹೋದಾಗ, ‘ಉಳ್ಳಾಲದ ಬಲೆ ನೋಡಿದ್ದೀರಲ್ಲ?’ ಎಂದರು. ‘ಬಲೆಯ ಕಣ್ಣು ದೊಡ್ಡದಾದ್ರೆ ಬೂತಾಯಿಯಂಥ ಸಣ್ಣ ಮೀನು ತಪ್ಪಿಸಿಕೊಳ್ತದೆ. ಸಣ್ಣದಾದ್ರೆ ಮೀನಿನ ಒಟ್ಟಿಗೆ ಕಸವೂ ಬರ್ತದೆ. ಕಣ್ಣು ಎಷ್ಟು ಬೇಕು ಅಂತ ಹೇಳುದೇ ನನ್ನ ಕೆಲಸ.’

ಈ ವಿದ್ಯೆಯನ್ನು ಅವರು ಮೊದಲು ಪ್ರಯೋಗಿಸಿದ್ದು ನನ್ನ ಮೇಲೆ. ಒಂದು ದಿನ ಕರೆದು ತೆರೆಯ ಮುಂದೆ ಕೂರಿಸಿದರು. ನನ್ನ ವರದಿಗಳಲ್ಲಿ ‘ಎಂದು ತಿಳಿದುಬಂದಿದೆ’ ಎಂದು ಮುಗಿಯುವ ವಾಕ್ಯಗಳೆಲ್ಲ ಸಾಲಾಗಿ ನಿಂತಿದ್ದವು. ಪಿನ್ನು ಒಂದೊಂದನ್ನೇ ಮುಟ್ಟುತ್ತ ಕೆಳಗಿಳಿಯಿತು.

‘ನಿಮಗೆ ತಿಳಿದುಬಂದದ್ದು ಭಾರೀ ಆಯ್ತಲ್ಲ ಮಾರಾಯ್ರೇ! ಯಾರಿಂದ ತಿಳಿದುಬಂತು ಅಂತ ಹುಡುಕಿದೆ. ಅದು ಮಾತ್ರ ಎಲ್ಲಿಯೂ ಸಿಗುದಿಲ್ಲ.’

‘ಮೂಲಗಳನ್ನು ಹೇಳ್ಲಿಕ್ಕೆ ಆಗುವುದಿಲ್ಲ ಅಕ್ಕ.’

‘ಚರಂಡಿ ತುಂಬಿದ್ದು ಹೇಳ್ಲಿಕ್ಕೂ ಗುಪ್ತ ಮೂಲವಾ? ಎಂತ, ಚರಂಡಿಯೇ ಬಂದು ಕಿವಿಯಲ್ಲಿ ಹೇಳಿತಾ?’

ಅಂದಿನಿಂದ ನಾನು ಆ ಮಾತನ್ನು ಕಡಿಮೆ ಮಾಡಿದೆ. ಅವರಿಂದ ಉಪಕಾರವೂ ಆಯಿತು. ಬಿಕರ್ನಕಟ್ಟೆಯ ತಿರುವಿನಲ್ಲಿ ಮೇಲಿಂದ ಮೇಲೆ ಬಸ್ಸು ಡಿಕ್ಕಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅಕ್ಕ ಯಂತ್ರದಲ್ಲಿದ್ದ ಸುದ್ದಿಗಳಲ್ಲಿ ಹುಡುಕಿ, ಅಂಥ ಅಪಘಾತಗಳನ್ನೆಲ್ಲ ಒಂದು ಕಡೆ ಕಲೆಹಾಕಿ ಕೊಟ್ಟರು. ಹೆಚ್ಚಿನವು ಸಂಜೆ ಶಾಲೆ ಬಿಡುವ ಹೊತ್ತಿಗೆ ಆದವು. ಅದು ಮುಖಪುಟದ ಸುದ್ದಿಯಾಯಿತು. ನಾನು ಕೃತಜ್ಞತೆ ಹೇಳಲು ಹೋದರೆ, ‘ಸುದ್ದಿಯೆಲ್ಲ ಮೊದಲೇ ನೀವೇ ಬರೆದದ್ದು. ಬರೆದ ಮೇಲೆ ಯಾರೂ ಓದುದಿಲ್ಲ, ಅಷ್ಟೇ ಕಷ್ಟ’ ಎಂದರು.

ಇನ್ನು ಅವರ ತಪ್ಪು. ಯಂತ್ರ ಬಂದ ಹೊಸತರಲ್ಲಿ ಮದುವೆ ಪ್ರಕಟಣೆಗಳ ಪುಟದಲ್ಲಿ ಆವರಣ ಚಿಹ್ನೆಗಳೊಳಗೆ ಹಾಕಿದ್ದ ಟಿಪ್ಪಣಿಗಳನ್ನು ತೆಗೆಯಬೇಕಿತ್ತು. ಆವರಣ ತೆರೆಯುವಲ್ಲಿಂದ ಮುಚ್ಚುವವರೆಗೆ ನಡುವೆ ಏನಿದ್ದರೂ ಅಳಿಸು ಎಂದು ಅಕ್ಕ ಆಜ್ಞೆ ಕೊಟ್ಟರು. ‘ಏನಿದ್ದರೂ’ ಎನ್ನುವುದಕ್ಕೆ ಆ ಭಾಷೆಯಲ್ಲಿ ನಕ್ಷತ್ರದ ಗುರುತು. ಯಂತ್ರ ಆ ಪುಟದ ಮೊದಲ ಆವರಣ ತೆರೆದಲ್ಲಿಂದ ಕಟ್ಟಕಡೆಯ ಆವರಣ ಮುಚ್ಚಿದಲ್ಲಿಯವರೆಗೆ ಇದ್ದುದನ್ನೆಲ್ಲ ಒಂದೇ ತುತ್ತಿಗೆ ನುಂಗಿತು. ಮದುಮಕ್ಕಳು, ತಂದೆತಾಯಿ, ಛತ್ರ, ಮುಹೂರ್ತ ಎಲ್ಲ ಹೋಗಿ ಪುಟದಲ್ಲಿ ಉಳಿದದ್ದು ‘ಆಶೀರ್ವದಿಸಬೇಕಾಗಿ ವಿನಂತಿ’ ಎಂಬ ಒಂದು ಸಾಲು. ಪುಟ ಅಚ್ಚಿಗೆ ಹೋಗುವ ಮೊದಲು ಕಂಡದ್ದರಿಂದ ಮಾನ ಉಳಿಯಿತು; ಎಲ್ಲವನ್ನೂ ಮತ್ತೆ ಬಡಿಯಬೇಕಾಯಿತು. ಈ ಕತೆಯನ್ನು ಅವರು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದರು. ‘ಆ ನಕ್ಷತ್ರ ಮಹಾ ಹೊಟ್ಟೆಬಾಕ. ಎಷ್ಟು ಬಡಿಸಿದ್ರೂ ಸಾಕು ಅನ್ನುದಿಲ್ಲ. ಬಡಿಸುವವರಿಗೆ ಬುದ್ಧಿ ಬೇಕು. ನನಗೆ ಆ ದಿನ ಇರ್ಲಿಲ್ಲ.’

ಅಂದಿನಿಂದ ಅವರದೊಂದು ಪದ್ಧತಿ. ಒಂದು ಪದವನ್ನು ಎಲ್ಲ ಕಡೆ ಬದಲಿಸಬೇಕಾದರೆ ಎಲ್ಲವನ್ನೂ ಒಮ್ಮೆಗೇ ಬದಲಿಸುವ ಆಜ್ಞೆಯನ್ನು ಅವರು ಮುಟ್ಟುತ್ತಿರಲಿಲ್ಲ. ಯಂತ್ರ ಒಂದೊಂದು ಕಡೆ ನಿಂತು ಕೇಳುವಂತೆ ಮಾಡುವರು. ನಿಂತಲ್ಲಿ ಇಡೀ ವಾಕ್ಯವನ್ನು ಗಟ್ಟಿಯಾಗಿ ಓದುವರು. ಬದಲಾವಣೆ ಕೇಳಿದವರು ಪಕ್ಕದಲ್ಲಿ ಕುಳಿತು ಉತ್ತರ ಹೇಳಬೇಕು. ‘ಹೌದಾ, ಅಲ್ಲವಾ?’ ನಾವು ಇದನ್ನು ಅಕ್ಕನ ಪೂಜೆ ಎಂದು ನಗುತ್ತಿದ್ದೆವು. ಮಂಗಳಾರತಿ ಯಾವಾಗ ಎಂದು ಸಂಪಾದಕರು ಕೇಳುತ್ತಿದ್ದರು. ಅಕ್ಕ ಸಡಿಲಿಸಲಿಲ್ಲ.

ಪತ್ರಿಕೆ ಪ್ರತಿವರ್ಷ ಆ ವರ್ಷದ ಮುಖ್ಯ ಸುದ್ದಿ, ಲೇಖನಗಳನ್ನು ಸೇರಿಸಿ ಒಂದು ವಾರ್ಷಿಕ ಸಂಪುಟ ತರುತ್ತಿತ್ತು. ಯಂತ್ರದಲ್ಲಿ ಸುದ್ದಿಯೆಲ್ಲ ಇದ್ದುದರಿಂದ ಆ ಕೆಲಸ ಈಗ ಸುಲಭವಾಗಿತ್ತು. ನಾನು ಹೇಳುವ ವರ್ಷ ನದೀ ದಂಡೆಯ ‘ಕಡಲಕಾಗೆ’ ಎಂಬ ಹೆಸರಿನ ಹಂಚಿನ ಕಾರ್ಖಾನೆಯಲ್ಲಿ ಗೋಡೆ ಕುಸಿದಿತ್ತು. ವರದಿ ಬರೆದದ್ದು ನಾನು. ಅದೇ ಕಾರ್ಖಾನೆಯವರು ಸಂಪುಟದ ಹಿಂಬದಿಯ ರಕ್ಷಾಪುಟಕ್ಕೆ ಜಾಹೀರಾತು ಕೊಟ್ಟರು. ತಮ್ಮ ಸಂಸ್ಥಾಪಕರ ಬಗ್ಗೆ ಒಂದು ಸನ್ಮಾನ ಲೇಖನವನ್ನೂ ಸೇರಿಸಬೇಕೆಂದರು. ಅವರು ಬಾಯಿಬಿಟ್ಟು ಇನ್ನೇನು ಕೇಳಿದರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು: ಒಂದು ಬೆಳಿಗ್ಗೆ ಧಣಿಗಳು ಯಂತ್ರದ ಕೋಣೆಗೆ ಬಂದರು, ವರದಿಗಾರನಾದ ನನ್ನನ್ನೂ ಕರೆಸಿದರು.

‘ಅಕ್ಕಾ, ಆ ಗೋಡೆಯ ಸುದ್ದಿ ಇರ್ಲಿ. ಕಾರ್ಖಾನೆಯ ಹೆಸರು ಬೇಡ. ‘ಕಡಲಕಾಗೆ ಹಂಚಿನ ಕಾರ್ಖಾನೆ’ ಇದ್ದಲ್ಲಿ ‘ಒಂದು ಹಂಚಿನ ಕಾರ್ಖಾನೆ’ ಅಂತ ಮಾಡಿ.’

ನಾನು ಹೇಳಿದೆ, ಅಚ್ಚಾದ ವರದಿ, ಪೊಲೀಸರೂ ಅದೇ ಹೆಸರು ಬರೆದಿದ್ದಾರೆ, ಸತ್ತವರ ಮನೆಯವರು ಪರಿಹಾರಕ್ಕೆ ಓಡಾಡುತ್ತಿದ್ದಾರೆ, ಈಗ ತಿದ್ದುವುದು ಸರಿಯಲ್ಲ ಎಂದು. ‘ನಿಮ್ಮ ವರದಿ ಪೇಪರಲ್ಲಿ ಬಂದಾಯ್ತಲ್ಲ. ಪುಸ್ತಕ ನನ್ನದು’ ಎಂದರು ಧಣಿಗಳು.

ಅಕ್ಕ ಒಂದು ಕುರ್ಚಿ ಎಳೆದು ಪಕ್ಕಕ್ಕಿಟ್ಟರು. ‘ಕೂತುಕೊಳ್ಳಿ ಸರ್.’ ಯಂತ್ರ ಮೊದಲ ಜಾಗದಲ್ಲಿ ನಿಂತಿತು. ಅಕ್ಕ ಓದಿದರು.

‘ಕಡಲಕಾಗೆ ಹಂಚಿನ ಕಾರ್ಖಾನೆಯ ಒಣಗಿಸುವ ಶೆಡ್ಡಿನ ಗೋಡೆ ನಿನ್ನೆ ಮಧ್ಯಾಹ್ನ ಕುಸಿದು, ಹಸಿ ಹಂಚು ಜೋಡಿಸುತ್ತಿದ್ದ ಗಿರಿಜಾ, ಸಿಸಿಲಿಯಾ ಮತ್ತು ಬೀಫಾತಿಮ್ಮ ಮೃತಪಟ್ಟರು. ಬದಲಿಸುದಾ ಸರ್? ಹೌದಾ, ಅಲ್ಲವಾ?’

‘ಹೌದು.’

‘ಗೋಡೆ ಬಿರುಕು ಬಿಟ್ಟಿರುವುದನ್ನು ಕೆಲಸಗಾರರು ಮಳೆಗಾಲಕ್ಕೆ ಮೊದಲೇ ಕಡಲಕಾಗೆ ಹಂಚಿನ ಕಾರ್ಖಾನೆಯ ಮ್ಯಾನೇಜರರಿಗೆ ತೋರಿಸಿದ್ದರು. ಹೌದಾ, ಅಲ್ಲವಾ?’

ಧಣಿಗಳು ತೆರೆಯನ್ನು ನೋಡದೆ, ‘ಹೌದು, ಹೌದು’ ಎಂದರು.

‘ಕಡಲಕಾಗೆ ಹಂಚಿನ ಕಾರ್ಖಾನೆಯ ಗೇಟಿನ ಹೊರಗೆ ಕುಳಿತಿದ್ದ ಸಿಸಿಲಿಯಾರ ತಾಯಿಗೆ ಸಂಜೆಯವರೆಗೂ ಯಾರೂ ಸುದ್ದಿ ತಿಳಿಸಲಿಲ್ಲ. ಹೌದಾ...’

‘ಎಂತ ಅಕ್ಕ ಇದು, ಪುರಾಣ ಓದಿದ ಹಾಗೆ! ಎಲ್ಲ ಒಟ್ಟಿಗೆ ಮಾಡ್ಲಿಕ್ಕೆ ಆಗುದಿಲ್ವಾ?’

‘ಯಂತ್ರಕ್ಕೆ ಆಗ್ತದೆ. ನನಗೆ ಆಗುದಿಲ್ಲ.’

‘ನನ್ನನ್ನು ಪರೀಕ್ಷೆ ಮಾಡ್ತಿದ್ದೀರಾ?’

‘ಇದು ಎಲ್ಲರಿಗೂ ಇರುವ ಕ್ರಮ ಸರ್. ಸಂಪಾದಕರೂ ಹೀಗೇ ಕೂರ್ತಾರೆ. ಇನ್ನೂ ಉಂಟು. ಮುಂದೆ ಸನ್ಮಾನ ಲೇಖನವೂ ಬರ್ತದೆ, ಅದರಲ್ಲೂ ಈ ಹೆಸರೇ ಉಂಟು. ಅಲ್ಲಿ ‘ಅಲ್ಲ’ ಅಂತ ಹೇಳ್ಬೇಕು, ಮರೀಬೇಡಿ.’

ಈ ಕೊನೆಯ ಮಾತನ್ನು ಅಕ್ಕ ನನ್ನ ಎದುರಿಗೆ ಹೇಳಿದರು. ಧಣಿಗಳು ಅಷ್ಟರಲ್ಲಿ ಎದ್ದಾಗಿತ್ತು. ‘ನಿಮ್ಮಿಂದ ಆಗದಿದ್ರೆ ಮಾಡುವವರು ಬೇರೆ ಉಂಟು’ ಎಂದು ಹೊರಗೆ ಹೋದರು. ಅಕ್ಕ ಬದಲಿಸಿದ್ದ ಎರಡು ಜಾಗಗಳನ್ನೂ ಮೊದಲಿದ್ದ ಹಾಗೆಯೇ ಮಾಡಿ, ತುರುಬಿಗೆ ಪಿನ್ನು ಸಿಕ್ಕಿಸಿಕೊಂಡರು.

ಮಾಡುವವರು ಸಿಕ್ಕಿದರು. ಯಂತ್ರ ಮಾರಿದ ಕಂಪನಿಯ ಇಂಜಿನಿಯರರೊಬ್ಬರು ಅದನ್ನು ಪರೀಕ್ಷಿಸಲು ಆಗಾಗ ಮುಂಬಯಿಯಿಂದ ಬರುತ್ತಿದ್ದರು. ಅವರಿಗೆ ಕನ್ನಡ ಬಾರದು. ಅವರು ಬಂದ ದಿನ ಅಕ್ಕನನ್ನು ಜಾಹೀರಾತು ವಿಭಾಗಕ್ಕೆ ಕಳುಹಿಸಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ತೆಗೆಯಬೇಕಾದ ಹೆಸರು, ಅದರ ಜಾಗಕ್ಕೆ ಬರಬೇಕಾದ ಮಾತು, ಎರಡನ್ನೂ ಒಬ್ಬ ಆಪರೇಟರ್ ಸಂಕೇತದಲ್ಲಿ ಬರೆದುಕೊಟ್ಟರು. ಇಂಜಿನಿಯರ್ ಒಂದು ಸಾಲು ಬಡಿದು, ಒಂದು ಕೀಲಿ ಒತ್ತಿದರು. ‘ಆಯ್ತಾ? ಇಷ್ಟೇಯಾ?’ ಎಂದು ಧಣಿಗಳು ಸಂತೋಷಪಟ್ಟರು. ‘ಇದಕ್ಕೆ ಅಕ್ಕ ನನ್ನನ್ನು ಶಾಲೆಗೆ ಕೂರಿಸಿದ್ರಲ್ಲ!’

ಅಚ್ಚಿನ ಮೊಳೆಗಳನ್ನು ಕೈಯಲ್ಲಿ ಜೋಡಿಸುತ್ತಿದ್ದ ಕಾಲದಲ್ಲಿ ಇಂಥ ಕೆಲಸಕ್ಕೆ ಪುಟವನ್ನೇ ಬಿಚ್ಚಬೇಕಿತ್ತು. ಬಿಚ್ಚುವವನು ಓದುತ್ತಿದ್ದ, ಜೋಡಿಸುವವನು ಓದುತ್ತಿದ್ದ, ಇಬ್ಬರೂ ಹೊರಗೆ ಹೋಗಿ ಚಹಾ ಕುಡಿಯುತ್ತ ಮಾತಾಡುತ್ತಿದ್ದರು. ಸುಳ್ಳು ಹೇಳಲು ನಾಲ್ಕು ಮಂದಿಯ ಕೈ ಬೇಕಿತ್ತು. ಈಗ ಭಾಷೆ ಬಾರದ ಒಬ್ಬರ ಬೆರಳು ಸಾಕಾಯಿತು.

ಪ್ರೂಫ್ ವಿಭಾಗ ಇದನ್ನು ಹಿಡಿಯಬೇಕಿತ್ತು. ಆದರೆ ಸುದ್ದಿಗಳೆಲ್ಲ ಒಮ್ಮೆ ಅಚ್ಚಾದವು, ಪುನಃ ಓದುವುದು ಎಂತಕ್ಕೆ ಎಂದು ಮ್ಯಾನೇಜರರು ನಿರ್ಧರಿಸಿದ್ದರು. ಸನ್ಮಾನ ಲೇಖನದ ಪ್ರೂಫನ್ನು ಆ ಬದಲಾವಣೆಗೆ ಮೊದಲೇ ಓದಿ ಆಗಿತ್ತು. ಸಂಪುಟ ಅಚ್ಚಾಯಿತು.

ಬಿಡುಗಡೆ ಪುರಭವನದಲ್ಲಿ. ಸಂಸ್ಥಾಪಕರ ಮಗನೇ ಮುಖ್ಯ ಅತಿಥಿ. ತಂದೆಯ ಮೇಲಿನ ಲೇಖನದಿಂದ ಎರಡು ಸಾಲು ಓದುತ್ತೇನೆಂದು ಅವರು ಪುಸ್ತಕ ಬಿಡಿಸಿದರು. ‘ತಮ್ಮ ರಕ್ತವನ್ನು ಬೆವರಾಗಿ ಹರಿಸಿ ಒಂದು ಹಂಚಿನ ಕಾರ್ಖಾನೆಯನ್ನು ಕಟ್ಟಿ ಬೆಳೆಸಿದ ಮಹನೀಯರು’ ಎಂದು ಓದಿ ಸ್ವಲ್ಪ ತಡೆದರು. ಮುಂದಿನ ಸಾಲು ಅವರನ್ನು ಕಾಪಾಡಲಿಲ್ಲ. ‘ಇಂದು ಒಂದು ಹಂಚಿನ ಕಾರ್ಖಾನೆಯ ಹೆಸರು ಕೇಳದವರು ಈ ಕರಾವಳಿಯಲ್ಲೇ ಇಲ್ಲ.’ ಹಿಂದಿನ ಸಾಲಿನಲ್ಲಿ ಯಾರೋ, ‘ದಾನೆ ಪುದರ್?’ ಎಂದು ತುಳುವಿನಲ್ಲಿ ಹೆಸರೇನೆಂದು ಕೇಳಿದರು. ಸಭೆ ನಕ್ಕಿತು. ಅತಿಥಿಗಳು ಪುಸ್ತಕ ಮುಚ್ಚಿ ಕುಳಿತರು.

ವಿಚಾರಣೆ ನಡೆಯಿತು ಎಂದು ಹೇಳುತ್ತಾರೆ. ನಡೆದದ್ದು ಇಷ್ಟು. ಯಂತ್ರ ನೋಡಿಕೊಳ್ಳುವವರು ಯಾರು ಎಂಬುದು ಮ್ಯಾನೇಜರರ ಮೊದಲ ಪ್ರಶ್ನೆ. ಅಕ್ಕ ಎಂಬುದು ಉತ್ತರ. ಎರಡನೆಯ ಪ್ರಶ್ನೆ ಇರಲಿಲ್ಲ. ನಾನು ಕಂಡದ್ದನ್ನು, ಅಕ್ಕ ಮೊದಲೇ ಎಚ್ಚರಿಸಿದ್ದನ್ನು ಬರೆದುಕೊಟ್ಟೆ. ‘ವಿಚಾರಣೆಗೆ ಸಂಬಂಧಿಸಿದ್ದಲ್ಲ’ ಎಂಬ ಷರಾದೊಂದಿಗೆ ಅದು ನನ್ನ ಮೇಜಿಗೇ ಮರಳಿತು. ಇಂಜಿನಿಯರರ ಹೆಸರು ಎಲ್ಲಿಯೂ ಬರಲಿಲ್ಲ. ಒಂದು ಕೀಲಿ ಒತ್ತುವುದನ್ನು ನಿಂತು ನೋಡಿ ಸಂತೋಷಪಟ್ಟವರು ಮೇಜಿನ ಆಚೆ ಬದಿಯಲ್ಲಿ ನ್ಯಾಯಾಧೀಶರಾಗಿ ಕುಳಿತಿದ್ದರು. ಒತ್ತುವುದಿಲ್ಲ ಎಂದವರು ಈಚೆ ಬದಿಯಲ್ಲಿ ನಿಂತಿದ್ದರು. ಇಷ್ಟು ವರ್ಷವಾದರೂ ಇದನ್ನು ತಣ್ಣಗೆ ಬರೆಯಲು ನನಗೆ ಸಾಧ್ಯವಾಗುತ್ತಿಲ್ಲ.

ಬಿಡುಗಡೆಯ ದಿನ ಹಂಚಿದ ಕೆಲವನ್ನು ಬಿಟ್ಟರೆ ಸಂಪುಟದ ಪ್ರತಿಗಳೆಲ್ಲ ಗೋದಾಮಿನಲ್ಲಿದ್ದವು. ಮರುಮುದ್ರಣ ಮಾಡುವಂತಿರಲಿಲ್ಲ. ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿ ಪ್ರತಿಯೊಂದರ ಒಳಪುಟಕ್ಕೆ ಅಂಟಿಸುವುದೆಂದಾಯಿತು. ಅದನ್ನು ಟೈಪ್ ಮಾಡಿದ್ದು ಅಕ್ಕ, ಅವರ ಕೊನೆಯ ದಿನ. ಭಾಷೆ ನೋಡಲು ನನ್ನನ್ನು ಕೂರಿಸಿದ್ದರು. ಧಣಿಗಳು ನಿಂತೇ ಹೇಳುತ್ತ ಹೋದರು.

‘ಪುಟದ ನಂಬ್ರ ಹಾಕುದಾ ಸರ್, ಅಥವಾ ಇರುವಲ್ಲೆಲ್ಲ ಅಂತ ಹಾಕುದಾ?’ ಅಕ್ಕ ಕೇಳಿದರು.

‘ಪುಟ ಗಿಟ ಹುಡುಕ್ಲಿಕ್ಕೆ ಯಾರಿಗೆ ಪುರುಸೊತ್ತು ಉಂಟು? ಇರುವಲ್ಲೆಲ್ಲ ಅಂತ ಹಾಕಿ. ಒಂದೂ ಬಿಟ್ಟು ಹೋಗ್ಬಾರದು. ಅವರು ಮೊದಲೇ ಸಿಟ್ಟಲ್ಲಿದ್ದಾರೆ.’

ಚೀಟಿಯಲ್ಲಿ ಎರಡು ವಾಕ್ಯಗಳಿದ್ದವು. ‘ಈ ಸಂಪುಟದಲ್ಲಿ ಒಂದು ಹಂಚಿನ ಕಾರ್ಖಾನೆ ಎಂದು ಇರುವಲ್ಲೆಲ್ಲ ಕಡಲಕಾಗೆ ಹಂಚಿನ ಕಾರ್ಖಾನೆ ಎಂದು ಓದಿಕೊಳ್ಳಬೇಕು. ಯಂತ್ರ ನಿರ್ವಾಹಕಿಯ ಅಜಾಗರೂಕತೆಯಿಂದ ಆದ ಈ ಪ್ರಮಾದಕ್ಕಾಗಿ ವಿಷಾದಿಸುತ್ತೇವೆ.’ ಎರಡನೆಯ ವಾಕ್ಯವನ್ನು ಧಣಿಗಳು ಎರಡು ಸಲ ಓದಿಸಿ ಕೇಳಿದರು. ಸಹಿ ಹಾಕಿ ಹೋದರು.

ಸಂಪುಟ ನನ್ನ ಮುಂದೆಯೇ ಇತ್ತು. ಗೋಡೆ ಕುಸಿದ ವರದಿ ತೆಗೆದೆ. ‘ಒಂದು ಹಂಚಿನ ಕಾರ್ಖಾನೆಯ ಒಣಗಿಸುವ ಶೆಡ್ಡಿನ ಗೋಡೆ’ ಎಂದಿತ್ತು. ಪಕ್ಕದಲ್ಲಿ ಚೀಟಿ ಇಟ್ಟೆ. ಇನ್ನು ಈ ಪುಸ್ತಕ ಕೈಗೆತ್ತಿಕೊಂಡವರೆಲ್ಲ, ಮಾಲಕರ ಸಹಿಯ ಅಪ್ಪಣೆಯಂತೆ, ಆ ಗೋಡೆ ಯಾರದೆಂದು ಹೆಸರು ಹಿಡಿದು ಓದಿಕೊಳ್ಳಬೇಕು. ಗಿರಿಜಾ, ಸಿಸಿಲಿಯಾ, ಬೀಫಾತಿಮ್ಮ ಯಾರ ಗೋಡೆಯಡಿಯಲ್ಲಿ ಸತ್ತರೋ ಅವರ ಹೆಸರು ಅವರದೇ ಒತ್ತಾಯದಿಂದ ಮರಳಿ ಬಂದಿತ್ತು.

ಅಕ್ಕ ಮೇಜಿನ ಮೇಲಿನ ಪಿನ್ನುಗಳನ್ನು ಒಂದೊಂದಾಗಿ ಪರ್ಸಿಗೆ ಹಾಕುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತೆಂದು ಮುಖ ನೋಡಿಯೇ ತಿಳಿಯಿತು. ಚೀಟಿ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ‘ಎರಡನೆಯ ವಾಕ್ಯ ಸುಳ್ಳು ಅಕ್ಕ. ನಿಮ್ಮ ಮೇಲೆ ಹಾಕಿದ್ದಾರೆ. ನಾನು ಹೋಗಿ ಜಗಳ ಮಾಡುತ್ತೇನೆ, ತೆಗೆಸುತ್ತೇನೆ’ ಎಂದು ಎದ್ದೆ.

ಅಕ್ಕ ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಅಚ್ಚಿನ ತಟ್ಟೆಯಲ್ಲಿ ಇಟ್ಟರು.

‘ಸುಮ್ಮನೆ ಕೂತುಕೊಳ್ಳಿ ಮಾರಾಯ್ರೇ. ಆ ಸಾಲು ಅಲ್ಲೇ ಇರ್ಲಿ. ಅದು ಇರುವಷ್ಟು ದಿನ ಅವರು ಮೇಲಿನ ಸಾಲನ್ನು ಓದ್ಲಿಕ್ಕಿಲ್ಲ.’